ರೂತಮ್ಮನ ಪಾಠ

ಮೈಲೂರಿನ ರೂತಮ್ಮನ ಮನೆಯಲ್ಲಿ ‘ಮೇ ಬಿ’ ಅಂದವರಿಗೆ ಚಹಾ ಸಿಗುತ್ತಿರಲಿಲ್ಲ. ಭಾಲ್ಕಿಯಲ್ಲಿ ನರ್ಸಾಗಿದ್ದು ನಿವೃತ್ತಳಾದ ಆಕೆ, ನರ್ಸಿಂಗ್ ಮುಗಿಸಿದ ಹಳ್ಳಿ ಹುಡುಗಿಯರನ್ನು ಇಂಟರ್‌ವ್ಯೂಗೆ ತಯಾರು ಮಾಡುತ್ತಿದ್ದಳು. ಇಂಗ್ಲಿಷ್ ತಡವರಿಸುತ್ತದೆ ಎಂದು ಒಮ್ಮೆ ಅವಳಿಗೇ ಬಡ್ತಿ ತಪ್ಪಿಸಿದ್ದರು. ಆ ಸಿಟ್ಟು ಇನ್ನೂ ಆರಿರಲಿಲ್ಲ.

“ಬರ್ತದೋ ಇಲ್ಲೋ ಆಮ್ಯಾಲ ನೋಡೋಣು. ಮೊದಲ ‘ಐ ಕ್ಯಾನ್’ ಅನ್ರಿ. ಒಮ್ಮಿ ಮಾಡಿದ್ರ ‘ಥೌಸಂಡ್ ಟೈಮ್ಸ್’ ಅನ್ರಿ,” ಎನ್ನುತ್ತಿದ್ದಳು. ಅವಳಾಡಿದ ಇಂಗ್ಲಿಷನ್ನೆಲ್ಲ ಹುಡುಗಿಯರು ಚರ್ಚಿನಲ್ಲಿ ಪಾದ್ರಿಗೆ ಉತ್ತರ ಕೊಟ್ಟ ಹಾಗೆ ಒಂದೇ ದನಿಯಲ್ಲಿ ತಿರುಗಿ ಹೇಳಬೇಕು. ಧೈರ್ಯ ಕಲಿಸುತ್ತಿದ್ದೇನೆ ಅಂದುಕೊಂಡಿದ್ದಳು, ಪುಣ್ಯಾತ್ಗಿತ್ತಿ.

ಠಾಣಾ ಕುಶನೂರಿನಲ್ಲಿ ಕುರಿ ಸಾಕುವ ಮಡೆಪ್ಪನ ಮಗಳು ಮಾಯಾ ನೆಲ ನೋಡಿಕೊಂಡೇ ಬಂದವಳು. ರೂತಮ್ಮ ಗದ್ದ ಹಿಡಿದೆತ್ತಿ ಕಲಿಸಿದಳು. ಹೈದರಾಬಾದಿನ ಆಸ್ಪತ್ರೆಯೊಂದರಲ್ಲಿ ಉಸಿರಾಟದ ಮಷೀನು ನಡೆಸಲು ಬರುತ್ತದೆಯೇ ಎಂದು ಕೇಳಿದಾಗ ಹುಡುಗಿ ಕಣ್ಣು ಮಿಟುಕಿಸದೆ ‘ಥೌಸಂಡ್ ಟೈಮ್ಸ್’ ಅಂದಳಂತೆ. ಅದನ್ನವಳು ಮುಟ್ಟಿಯೂ ನೋಡಿರಲಿಲ್ಲ. ಕೆಲಸ ಸಿಕ್ಕಿತು.

ಮಡೆಪ್ಪ ಬಸ್ಸು ಹಿಡಿದು ಬಂದು, ತನ್ನ ಕುರಿಗಳ ಉಣ್ಣೆಯ ಕಂಬಳಿಯೊಂದನ್ನು ರೂತಮ್ಮನಿಗೆ ಹೊದಿಸಿದ. “ಖರೇನ ಆಕಿಗಿ ಎಲ್ಲಾ ಬರ್ತದೇನ್ರಿ ಅಮ್ಮಾ?”

“ಎಲ್ಲಾ ಬರ್ತದ,” ಅಂದಳು ರೂತಮ್ಮ. ಬಾಯಿಗೆ ರೂಢಿಯಾಗಿಬಿಟ್ಟಿತ್ತು.

ಕೆಲವೇ ದಿನಗಳಲ್ಲಿ, ಪಾಠದ ನಡುವೆ ಮಾಯಾಳ ಫೋನು ಬಂತು. “ಅಮ್ಮಾ, ಕೂಸಿನ ಉಸಿರಾಟದ ಮಷೀನ್ ನೋಡ್ಕೋ ಅಂತ ನನ್ನೊಬ್ಬಾಕಿನ್ನ ಬಿಟ್ಟು ಹೋಗ್ಯಾರ. ಅದು ಒಂದೇ ಸವನ ಕೂಗಾಕತ್ತದ. ಏನ ಮಾಡ್ಲಿ?”

ರೂತಮ್ಮ ದಡಕ್ಕನೆ ಎದ್ದಳು. “ಬಾಜು ವಾರ್ಡಿನ್ಯಾಗ ಯಾರರೆ ಇದ್ರ ಓಡು. ನನಗ ಬರೂದಿಲ್ಲ ಅನ್ನು.”

“ನೌಕ್ರಿ ಹೋಗ್ತದರಿ. ಅಪ್ಪಗ ಹ್ಯಾಂಗ ಮಾರಿ ತೋರಸ್ಲಿ? ಆ ಮಾತು ಬಾಯಾಗ ಬರವಲ್ದರಿ.”

“ನನ್ನ ಹಿಂದ ಅನ್ನು. ಐ ಕೆನಾಟ್ ಡೂ ದಿಸ್.”

ಚಾಪೆಯ ಮೇಲಿದ್ದ ಹುಡುಗಿಯರು ಏನು ಎತ್ತ ತಿಳಿಯದೆ, ರೂಢಿಯಂತೆ ಒಟ್ಟಿಗೆ ಹೇಳಿಬಿಟ್ಟರು: “ಐ ಕೆನಾಟ್ ಡೂ ದಿಸ್.” ಅವರ ದನಿಯ ಹಿಂದೆಯೇ ಫೋನಿನಲ್ಲಿ ಮಾಯಾಳ ದನಿಯೂ ಬಂತು. ಆಮೇಲೆ ಓಡುವ ಸಪ್ಪಳ ಕೇಳಿಸಿತು. ಅಂದು ರೂತಮ್ಮನಿಗೆ ಮತ್ತೆ ಪಾಠ ಮಾಡಲಾಗಲಿಲ್ಲ. ಬೈಬಲ್ ತೆರೆದರೂ ಅಕ್ಷರ ಕಣ್ಣಿಗೆ ಹತ್ತಲಿಲ್ಲ.

ಕೂಸು ಬದುಕಿತು. ಮಾಯಾಳನ್ನು ಮಾತ್ರ ಸುಳ್ಳಿ ಅಂತ ಕರೆದು ಮನೆಗೆ ಕಳಿಸಿದರು.

ಮಡೆಪ್ಪ ಮತ್ತೆ ಮೈಲೂರಿಗೆ ಬಂದ. ಸಿಟ್ಟು ಮಾಡಿದ್ದರೆ ರೂತಮ್ಮನಿಗೆ ಎಷ್ಟೋ ಹಗುರಾಗುತ್ತಿತ್ತು. “ಬರ್ತದ ಅಂತ ನೀವ ಹೇಳಿದ್ರಲ್ರಿ ಅಮ್ಮಾ,” ಎಂದಷ್ಟೇ ಅಂದ.

ಅವಳು ಕಂಬಳಿ ತಂದು ಅವನ ಮುಂದಿಟ್ಟಳು.

“ಹೊದಿಸಿದ್ದು ನಮ್ಮಲ್ಲಿ ತಿರುಗಿ ಒಯ್ಯೂದಿಲ್ರಿ,” ಎಂದು ಅವನು ಬಸ್‌ಸ್ಟ್ಯಾಂಡಿನ ಕಡೆ ನಡೆದ. ಕಂಬಳಿ ಇನ್ನು ಮುಂದೆ ಅವಳ ಮನೆಯಲ್ಲೇ ಇರಬೇಕು.