ನಾಲ್ಕನೇ ನಂಬರಿನ ಉಮೇದ್ವಾರ

ಅವರ ಬಲಗೈಯ ನಡುಬೆರಳಿನ ಮೇಲೆ ಹುಣಸೆ ಬೀಜದಷ್ಟು ದೊಡ್ಡ ಗಂಟೊಂದಿತ್ತು. ತಹಶೀಲ ಕಚೇರಿಯಲ್ಲಿ ಕಡತ ಮಂಡಿಸುವ ಪೇಶಕಾರರಾಗಿ ಉರ್ದು ಬರೆದು ಬರೆದು ಲೇಖನಿ ಕೂತ ಜಾಗ ಅದು. ನಿಜಾಮನ ಆಡಳಿತ ಹೋಗಿ, ಕಡತಗಳ ಭಾಷೆ ಬದಲಾಗಿ, ಅವರನ್ನು ಅವಧಿಗೆ ಮುಂಚೆಯೇ ಮನೆಗೆ ಕಳಿಸಿದ್ದರೂ ಗಂಟು ಕರಗಿರಲಿಲ್ಲ. ಯಾವ ಬ್ಯಾಟ್ಸ್‌ಮನ್ನನ್ನು ಎಷ್ಟನೇ ನಂಬರಿಗೆ ಆಡಿಸಬೇಕೆಂದು ಯೋಚಿಸುವಾಗ ಅದನ್ನೇ ತಿಕ್ಕುತ್ತಿದ್ದರು. ಸುರಪುರದವರಿಗೆಲ್ಲ ಅವರು ಪೇಶಕಾರ ಸಾಬ್. ನನಗೆ ಪೇಶಕಾರ ಚಾಚಾ.

ನಾವು ಶಹಾಪುರದವರು. ಅಪ್ಪನಿಗೆ ಸುರಪುರಕ್ಕೆ ವರ್ಗವಾದಾಗ ನಾನು ಹೈದರಾಬಾದಿನಲ್ಲಿ ಬಿ.ಎ. ಓದುತ್ತಿದ್ದೆ. ಹೈದರಾಬಾದ್ ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಕಾರ್ಯಾಚರಣೆ ಮುಗಿದು ಕೆಲವು ವರ್ಷಗಳಾಗಿದ್ದವು. ರಜೆಗೆ ಬಂದವನು ಹೊತ್ತು ಹೋಗದೆ ಟೇಲರ್ ಕಾಕಾ ಅವರ ಅಂಗಡಿಯ ಹಲಗೆ ಸೇರಿದೆ. ಅಲ್ಲಿ ಚಾಚಾ, ಕಾಕಾ ಮತ್ತು ದವಾಖಾನೆಯ ಕಂಪೌಂಡರ್ ಕೂತು ಜಗತ್ತಿನ ಎಲ್ಲ ಕಾಲದ ಟೆಸ್ಟ್ ತಂಡವನ್ನು ಕಟ್ಟುತ್ತಿದ್ದರು. ಬೌಲರುಗಳ ಚಿಂತೆ ಯಾರಿಗೂ ಇರಲಿಲ್ಲ.

"ಬೌಲಿಂಗ್ ಅಂದ್ರ ಹಮಾಲಿ ಕೆಲಸ, ಯಾರರೆ ಮಾಡ್ತಾರ. ಬ್ಯಾಟ್ಸ್‌ಮನ್ ಹೇಳ್ರಿ," ಎನ್ನುತ್ತಿದ್ದರು ಚಾಚಾ.

ಆಟಗಾರರಿಗೆ ಅವರು ಕಚೇರಿಯ ಹುದ್ದೆಗಳನ್ನೇ ಹಂಚಿದ್ದರು. ಒಂದು ರನ್ನೂ ಬಾಕಿ ಬಿಡದೆ ವಸೂಲು ಮಾಡುವ ಆಸ್ಟ್ರೇಲಿಯಾದವನು ತಹಶೀಲ್ದಾರ. ಚೆಂಡನ್ನು ನೋಡಿ, ತೂಗಿ, ಮುಂದಿನ ವಾಯಿದೆಗೆ ಹಾಕುವ ಮುಂಬಯಿಯ ಆರಂಭಿಕ ಆಟಗಾರ ಮುನ್ಸೀಫ. ವೇಗದ ಬೌಲರಿನ ಮೈಮೇಲೆಯೇ ಹೋಗುವ ವೆಸ್ಟ್ ಇಂಡೀಸಿನವನು ಕೊತ್ವಾಲ. ತಂಡದಲ್ಲಿ ಬದಲಾವಣೆ ಬೇಕೆಂದರೆ ಅರ್ಜಿ ಹಾಕಬೇಕು. ಹಲಗೆಯ ಮೇಲಿದ್ದವರೆಲ್ಲ ಕೈ ಎತ್ತಿದರೆ ಮಾತ್ರ ಚಾಚಾ "ಮಂಜೂರ್" ಎನ್ನುವರು. ಒಂದು ಕೈ ಕೆಳಗಿದ್ದರೂ ಅರ್ಜಿ ಖಾರಿಜ.

ನಾಲ್ಕನೇ ನಂಬರಿಗೆ ಇದ್ದವನು ಉಮೇದ್ವಾರ. ಸಂಬಳವಿಲ್ಲದೆ ಕೆಲಸ ಕಲಿಯುತ್ತ ನೌಕರಿಗಾಗಿ ಕಾಯುವ ಹುಡುಗರನ್ನು ಆಗಿನ ಕಚೇರಿಗಳಲ್ಲಿ ಹಾಗೆ ಕರೆಯುತ್ತಿದ್ದರು.

"ಇವ ಯಾವ ದೇಶದವ ಚಾಚಾ?" ಎಂದು ಕೇಳಿದೆ.

"ಹೈದರಾಬಾದ್."

"ಹೈದರಾಬಾದ್ ಟೆಸ್ಟ್ ಆಡೋ ದೇಶ ಅಲ್ಲಲ್ರಿ!"

"ಅರೆ, ಹೈದರಾಬಾದ್ ಇತ್ತೋ ಇಲ್ಲೋ? ಇತ್ತು. ಅಲ್ಲಿ ಅವ ಆಡ್ತಿದ್ನೋ ಇಲ್ಲೋ? ಆಡ್ತಿದ್ದ. ಮತ್ತೇನ್ ಬೇಟಾ ನಿನ್ನ ತಕರಾರು?"

ಉಮೇದ್ವಾರನ ಆಟವನ್ನು ಹೇಳುವಾಗ ಮಾತ್ರ ಅವರ ದನಿ ತಗ್ಗುತ್ತಿತ್ತು. "ಅವ ಹೊಡಿಯಂಗಿಲ್ಲ, ಚೆಂಡಿಗಿ ದಾರಿ ತೋರಸ್ತಾನ. ಆದ್ರ ಬೂಟು ಹಾಕ್ಕೋ ಅಂದ್ರ ಸಿಟ್ಟು." ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಹಳೆಯ ಪತ್ರಿಕೆಗಳನ್ನೆಲ್ಲ ತಿರುವಿ ಹಾಕಿದೆ. ಅಂಥ ಆಟಗಾರ ಎಲ್ಲಿಯೂ ಸಿಗಲಿಲ್ಲ. ಪ್ರತಿ ರಜೆಯಲ್ಲಿ ಅವನನ್ನು ಕೈಬಿಡಬೇಕೆಂದು ಅರ್ಜಿ ಹಾಕುತ್ತಿದ್ದೆ. ಪ್ರತಿ ಸಲವೂ ನನ್ನ ಕೈಯೊಂದೇ ಮೇಲೆ.

"ಇಳಸೋ ಪ್ರೊಫೆಸರಾ, ಬಗಲು ನೋಯ್ತದ," ಎಂದು ಟೇಲರ್ ಕಾಕಾ ನಗುತ್ತಿದ್ದರು.

ಒಂದು ಬೇಸಿಗೆಯ ಮಧ್ಯಾಹ್ನ ಚಾಚಾ ಬಂದವರು ಹಲಗೆಯ ಮೇಲೆ ಕೂರಲಿಲ್ಲ.

"ಇವತ್ತ ನಂದೊಂದು ಅರ್ಜಿ ಅದ," ಎಂದರು. "ಉಮೇದ್ವಾರನ್ನ ತೆಗೀರಿ."

ನಾನು ನಕ್ಕುಬಿಟ್ಟೆ. "ಈಗ ದಾರಿಗಿ ಬಂದ್ರಿ ನೋಡ್ರಿ ಚಾಚಾ!"

ಹೊಲಿಗೆ ಯಂತ್ರ ಗಕ್ಕನೆ ನಿಂತಿತು. ಕಂಪೌಂಡರ್ ತಲೆ ತಗ್ಗಿಸಿದರು. ಟೇಲರ್ ಕಾಕಾ ಮೆಲ್ಲಗೆ, "ಯಾಕ್ರಿ ಸಾಬ್?" ಎಂದರು.

"ಯಾದಗಿರಿ ಕಡಿಂದ ರೈಲ್ವೆ ಗ್ಯಾಂಗ್‌ಮನ್ ಒಬ್ಬ ಮುಂಜಾನಿ ಮನೀಗಿ ಬಂದಿದ್ದ. ಪೊಲೀಸ್ ಆಕ್ಷನ್ ಗದ್ದಲದಾಗ ಹಳಿ ಬಾಜೂಕ ಒಂದು ಹುಡುಗ ಬಿದ್ದಿತ್ತಂತ. ಸುರಪುರದ ಪೇಶಕಾರ ಮಗಾ ಅಂತ ಹೇಳಿ ಕಣ್ಣು ಮುಚ್ಚಿತಂತ. ಅವನೇ ಮಣ್ಣು ಕೊಟ್ಟಾನ. ಅಂಜಿ ಇಷ್ಟು ವರ್ಷ ಬಾಯಿ ಬಿಟ್ಟಿಲ್ಲ. ಬ್ಯಾಟೂ ಜೋಡಿನೇ ಇಟ್ಟೆ ಅಂದ."

ನನ್ನ ನಗು ಇನ್ನೂ ಮುಖದ ಮೇಲೆಯೇ ಇತ್ತು. ಅದನ್ನು ತೆಗೆಯುವುದು ಹೇಗೆಂದು ತಿಳಿಯಲಿಲ್ಲ. ಚಾಚಾಗೆ ಮಗನೊಬ್ಬನಿದ್ದ, ಅವರದೇ ಕಚೇರಿಯಲ್ಲಿ ಉಮೇದ್ವಾರನಾಗಿದ್ದ, ಮ್ಯಾಚ್ ಆಡಲೆಂದು ಯಾದಗಿರಿಯಲ್ಲಿ ಹೈದರಾಬಾದಿನ ರೈಲು ಹತ್ತಿದವನು ಮರಳಿರಲಿಲ್ಲ ಎಂಬುದು ಊರಿಗೆಲ್ಲ ಗೊತ್ತಿತ್ತು. ಹೊರಗಿನಿಂದ ಬಂದ ನನಗೆ ಯಾರೂ ಹೇಳಿರಲಿಲ್ಲ. ಬದುಕಿದ್ದಾನೆಂದು ಹೇಳುವವರಿಲ್ಲದ, ಸತ್ತನೆಂದು ಹೇಳುವವರೂ ಇಲ್ಲದ ಮಗನನ್ನು ತಂದೆ, ತಂಡದ ತಹಶೀಲ್ದಾರ ಮತ್ತು ಕೊತ್ವಾಲನ ನಡುವೆ ಆಡಿಸುತ್ತಿದ್ದರು.

"ಕೈ ಎತ್ರಿ," ಎಂದರು ಚಾಚಾ. "ಉಮೇದ್ವಾರ ಅಂದ್ರ ಎಷ್ಟು ದಿನಾ ಕಾಯಬೇಕು?"

ಮುಂದಿನದು ನನಗೆ ನೆನಪಿರುವುದು ಹೀಗೆ: ಕಂಪೌಂಡರ್ ಕೈ ಎತ್ತಿದರು. ಟೇಲರ್ ಕಾಕಾ ಎತ್ತಿದರು. ಅಷ್ಟು ದಿನ ಅದಕ್ಕಾಗಿಯೇ ಜಗಳವಾಡಿದ್ದ ನನ್ನ ಕೈ ಮಾತ್ರ ತೊಡೆಯ ಮೇಲೆ ಕಲ್ಲಾಗಿತ್ತು. ಚಾಚಾ ನನ್ನತ್ತ ಒಮ್ಮೆ ನೋಡಿ, ಮಂಜೂರ್ ಎನ್ನದೆ ಬಿಸಿಲಿಗೆ ಇಳಿದು ಹೋದರು. ಅರ್ಜಿ ಮಂಜೂರಾಗಲಿಲ್ಲ, ನನ್ನಿಂದಾಗಿ ಆ ಹುಡುಗ ತಂಡದಲ್ಲಿ ಉಳಿದ. ಯಾವುದನ್ನೂ ಪುರಾವೆಯಿಲ್ಲದೆ ನಂಬದ ನಾನು ಇದನ್ನು ನಂಬಿದ್ದೆ.

ಕನ್ನಡಿಗರ ಹೊಸ ರಾಜ್ಯವಾದ ಮರುವರ್ಷ ಚಾಚಾ ತೀರಿಕೊಂಡರು. ಮಣ್ಣು ಕೊಟ್ಟು ಬರುವಾಗ ಟೇಲರ್ ಕಾಕಾ ಜೊತೆಗಿದ್ದರು. ಅವರಿಗೆ ಸಮಾಧಾನವಾಗಲೆಂದು, "ಉಮೇದ್ವಾರ ಇನ್ನೂ ಟೀಮಿನಾಗೇ ಅದಾನ ಕಾಕಾ. ಅವತ್ತ ನಾ ಕೈ ಎತ್ತಲಿಲ್ಲಲ್ಲ," ಎಂದೆ.

ಅವರು ನಿಂತು ನನ್ನ ಮುಖ ನೋಡಿದರು. "ಏನಂತೀಯೋ? ಎಲ್ಲಾರ್ಕಿಂತ ಮೊದಲ ಎತ್ತಿದವ ನೀನೇ. ತೆಗೀರಿ ಅನ್ನೂದೇ ತಡ, ನಕ್ಕೋತ ಎತ್ತಿದ್ದಿ. ಅವರು ಎಲ್ಲಾ ಹೇಳಿ ಮುಗಿಸೂತನಕ ನಿನ್ನ ಕೈ ಮ್ಯಾಲೇ ಇತ್ತು."

"ಸುಳ್ಳು."

"ಮಣ್ಣು ಕೊಟ್ಟು ಬರೂ ಮುಂದ ಸುಳ್ಳು ಹೇಳ್ತಾರೇನೋ? ನಿನ್ನ ಕೈ ನೋಡೇ ನಾವಿಬ್ಬರೂ ಎತ್ತಿದಿವಿ. ಇಲ್ಲಾಂದ್ರ ನಮ್ಮ ಕೈಲೆ ಆಗ್ತಿದ್ದಿಲ್ಲ. ಸಾಬ್ ಮಂಜೂರ್ ಅಂದ್ರು, ಮನೀಗಿ ಹೋದ್ರು, ಅವತ್ತೇ ಮಗನ ಹೆಸರಿಲೆ ಫಾತಿಹಾ ಓದಿಸಿದ್ರು. ಅವತ್ತೇ ಅವರ ಮನ್ಯಾಗ ಮೊದಲ್ನೇ ಸಲ ಅತ್ತಾರ."

ಕಾಕಾ ಮುಂದೆ ನಡೆದರು. ನಾನು ಆ ದಾರಿಯಲ್ಲಿ ನನ್ನ ಬಲಗೈಯನ್ನು, ಅದು ಬೇರೆ ಯಾರದೋ ಕೈಯೆಂಬಂತೆ ನೋಡುತ್ತ ನಿಂತೆ.