ಸಂಡೂರಿನಲ್ಲಿ ಕಾಣದ ಕೆಂಪು

ಲಾರಿ ನಿಂತಾಗ ಅದರ ಮೂತಿಗೂ ನನಗೂ ನಡುವೆ ಒಂದು ಮಾರು ಜಾಗ ಉಳಿದಿತ್ತು. ಜೋರು ಮಳೆ. ಅದಿರು ತುಂಬಿದ ಆ ಲಾರಿಯ ಚಾಲಕ ಕಿಟಕಿಯಿಂದ ತಲೆ ಹೊರಹಾಕಿ ಕೂಗಿದ: "ಮನುಷ್ಯಾರೇನ್ರಿ ನೀವು? ಮಣ್ಣಿನ ಗುಡ್ಡಿ ಅಂತ ಮಾಡಿದ್ದೆ!"

ನಾನು ಸಂಡೂರಿಗೆ ಬಂದು ಹದಿನೈದು ದಿನವಾಗಿತ್ತು. ಬೆಟ್ಟದ ಗಿಡಮರಗಳನ್ನು ಗುರುತಿಸಿ ದಾಖಲಿಸುವುದು ನನ್ನ ಕೆಲಸ, ದಿನವಿಡೀ ನಡಿಗೆ. ಉಡುಪಿಯಿಂದ ಹೊರಡುವಾಗ ಬಹಳ ಯೋಚಿಸಿ ಕೊಂಡದ್ದು ಆ ಹೊತ್ತು ಮೈಮೇಲಿದ್ದ ಮಳೆಯಂಗಿಯನ್ನೇ. ಮಡಚಿದರೆ ಅಂಗೈಯಲ್ಲಿ ಹಿಡಿಸುವಷ್ಟು ಹಗುರ, ಬೆವರು ಆರಲು ಕಂಕುಳಲ್ಲಿ ಜಿಪ್, ಗಟ್ಟಿ ಹೊಲಿಗೆ. ಬಣ್ಣ ಕೆಂಪು. ನಮ್ಮ ಕಡೆ ಮಳೆಗಾಲದಲ್ಲಿ ಎಲ್ಲವೂ ಹಸಿರು. ಕೆಂಪು ತೊಟ್ಟವರು ಗದ್ದೆಯಾಚೆಯಿಂದಲೇ ಕಾಣುತ್ತಾರೆ. ಇಲ್ಲಿ ಅದಿರಿನ ಮಣ್ಣಿನಿಂದ ಗಣಿ ರಸ್ತೆ, ಹರಿಯುವ ನೀರು, ಬೇಲಿಯ ಎಲೆ ಕೂಡ ಕೆಂಪು. ಇದನ್ನು ನಾನು ದಿನವೂ ನೋಡಿದ್ದೆ. ಅಂಗಿಯ ಜೊತೆ ಸೇರಿಸಿ ಯೋಚಿಸಿರಲಿಲ್ಲ.

ನನಗೆ ದಾರಿ ತೋರಿಸುವ ಹುಲಿಗೆಮ್ಮ ನನ್ನನ್ನು ಬದಿಗೆ ಎಳೆದರು. ಅವರ ತಲೆಯ ಮೇಲೆ ಕೊಪ್ಪಿ ಇತ್ತು: ಬಿಳಿ ಗೊಬ್ಬರದ ಚೀಲದ ಒಂದು ಮೂಲೆಯನ್ನು ಇನ್ನೊಂದರೊಳಗೆ ಮಡಚಿ ಬೆನ್ನಿನ ಮೇಲೆ ಇಳಿಬಿಟ್ಟದ್ದು. ನಮ್ಮ ಗದ್ದೆ ಕೆಲಸದವರು ಮಳೆಗೆ ಹೊದೆಯುವ ಎಲೆಯ ಗೊರಬಿನ ತಂಗಿ.

"ನಾಳಿ ಈ ಕೆಂಪಂಗಿ ಹಾಕ್ಕೊಂಡ್ರ ನಾ ನಿಮ್ಮ ಜೋಡಿ ಬರಂಗಿಲ್ರಿ. ನಿಮ್ಮ ಅವ್ವಗ ನಾ ಏನಂತ ಹೇಳ್ಲಿ?"

ಮರುದಿನದಿಂದ ಮೂರು ದಿನದ ನಡಿಗೆ. ಮೊದಲ ಎರಡು ಗಂಟೆ ಇದೇ ರಸ್ತೆ. ಅವರು ಬರದಿದ್ದರೆ ನನಗೆ ದಾರಿಯೂ ಇಲ್ಲ, ಈ ಕೆಲಸವೂ ಉಳಿಯುವುದಿಲ್ಲ.

ಅಂದು ಮಧ್ಯಾಹ್ನವೇ ಬಸ್ಸು ಹಿಡಿದು ಹೊಸಪೇಟೆಗೆ ಹೋದೆ. ಮೂರು ಅಂಗಡಿಗಳಲ್ಲೂ ಕಪ್ಪು, ದಪ್ಪ, ತೊಟ್ಟರೆ ಬೇಯಿಸುವ ರೇನ್‌ಕೋಟುಗಳೇ. "ಗಾಡಿ ಮ್ಯಾಲೆ ಹೋಗೋರಿಗೆ ರೀ ಇವು," ಎಂದು ಅಂಗಡಿಯವರು ನಕ್ಕರು. "ಮಳ್ಯಾಗ ನಡಕೊಂತ ಯಾರು ಹೋಗ್ತಾರ?" ಬರಿಗೈಯಲ್ಲಿ ಮರಳಿದೆ. ಹುಲಿಗೆಮ್ಮನಿಗೆ ಫೋನು ಮಾಡಿ ಏನು ಹೇಳಬೇಕೆಂದು ತಿಳಿಯದೆ ಮಾಡಲೇ ಇಲ್ಲ.

ಬೆಳಗಿನ ಜಾವ ಅವರೇ ಬಾಗಿಲು ಬಡಿದರು. ಕೈಯಲ್ಲಿ ಇನ್ನೊಂದು ಬಿಳಿ ಗೊಬ್ಬರದ ಚೀಲ.

"ಚಂದ ಕಾಣಂಗಿಲ್ಲ, ನೋಡ್ರಿ ಮತ್ತ."

"ಮುಳ್ಳಿಗೆ ಹರಿಯುವುದಿಲ್ಲವೇ, ಅಕ್ಕಾ?"

"ಹರೀಲಿ ಬಿಡ್ರಿ. ಚೀಲಕ್ಕೇನು ಬರ ಐತೇನು?"

ಅಂಗಿಯ ಮೇಲೆ ಚೀಲ ಹೊದ್ದೆ. ಹೆಗಲಿಗೆ ಒರಟಾಗಿ ತಾಗುತ್ತಿತ್ತು. ಗಣಿ ರಸ್ತೆಯ ತಿರುವಿನಲ್ಲಿ ಲಾರಿಯ ಬೆಳಕು ನಮ್ಮ ಮೇಲೆ ಬಿತ್ತು. ಪಕ್ಕದಲ್ಲಿ ಮೋರಿ, ಸರಿಯಲು ಜಾಗವಿಲ್ಲ. ಅಲ್ಲೇ ನಿಂತೆವು. ಹುಲಿಗೆಮ್ಮ ನನ್ನ ಮಣಿಕಟ್ಟು ಹಿಡಿದುಕೊಂಡರು. ದೂರದಲ್ಲೇ ಗಾಲಿಗಳ ಸದ್ದು ತಗ್ಗಿತು. ಲಾರಿ ಆಚೆ ಬದಿಗೆ ಸರಿದು, ನಿಧಾನವಾಗಿ ದಾಟಿ ಹೋಯಿತು.

"ಅವಗ ಕಂಡ್ವಿ," ಎಂದರು ಅವರು.

ಗುಡ್ಡದ ನೆತ್ತಿಯಲ್ಲಿ ಕಾವಲುಗಾರರೊಬ್ಬರು ನಾವು ನಡೆಯುವುದನ್ನು ಹಿಂದಿನಿಂದ ನನ್ನ ಫೋನಿನಲ್ಲಿ ಚಿತ್ರ ತೆಗೆದರು. ಮನೆಗೆ ಕಳಿಸಿದೆ. ಅಮ್ಮನ ಕರೆ ತಕ್ಷಣ ಬಂತು.

"ಇದರಲ್ಲಿ ನೀನು ಯಾರು ಮಾರಾಯ್ತಿ?"

"ಬಲಗಡೆಯವಳು."

"ಅಷ್ಟು ಹುಡುಕಿ ತಂದ ಅಂಗಿ ಎಲ್ಲಿ?"

"ಒಳಗಿದೆ ಅಮ್ಮ," ಎಂದೆ.