ರಾಕೆಟ್ಟಿನ ಮೂತಿಗೆ ನಿಂಬೆಹಣ್ಣು

ವಾಸ್ಕೋದ ಮಂಗೋರ್ ಹಿಲ್ ಮೈದಾನದಲ್ಲಿ ನಾನು ಸೈಕಲ್ ಪಂಪ್ ಹಿಡಿದು ನಿಂತಿದ್ದಾಗ ಅವ್ವ ಬಂದವಳೇ ನನ್ನ ರಾಕೆಟ್ಟಿನ ಮೂತಿಗೆ ನಿಂಬೆಹಣ್ಣು ಕಟ್ಟಿಬಿಟ್ಟಳು. ಸೋಡಾ ಬಾಟಲಿಗೆ ಒಂದಿಷ್ಟು ನೀರು ತುಂಬಿ, ಗಾಳಿ ಹೊಡೆದು ಹಾರಿಸುವ ರಾಕೆಟ್ ಅದು. ಬೆಳಿಗ್ಗೆಯಿಂದ ಹಾರಿಸಿದ ನಾಲ್ಕು ಸಲವೂ ಪಲ್ಟಿ ಹೊಡೆದು ನನ್ನ ಕಡೆಗೇ ನುಗ್ಗಿತ್ತು.

“ಯವ್ವಾ, ಇದೇನ್ ಲಾರಿ ಏನಬೇ? ಭಾರ ಆಗ್ತೈತಿ, ಬಿಚ್ಚ!” ಎಂದು ರೇಗಿದೆ.

“ಮಂದಿ ಕಣ್ಣ ಬಿದ್ದೈತಿ. ನೀ ಸುಮ್ನ ಗಾಳಿ ಹೊಡಿ” ಎಂದಳು.

ಸಿಟ್ಟಿನಲ್ಲೇ ಗಾಳಿ ಹೊಡೆದು, ಬಾಟಲಿಯನ್ನು ಹಿಡಿದಿಟ್ಟ ಕೊಕ್ಕೆಯ ಹಗ್ಗ ಎಳೆದೆ. ಸುಂಯ್ಯೆಂದು ತೆಂಗಿನಮರಗಳನ್ನೂ ದಾಟಿ ನೆಟ್ಟಗೆ ಏರಿತು! ನೀರಲ್ಲಿ ತೊಯ್ದುಹೋದ ನಾವಿಬ್ಬರೂ ಕೈಕೈ ಹಿಡಿದು ಕುಣಿದೆವು.

ಮೂತಿ ಭಾರವಿದ್ದರೆ ರಾಕೆಟ್ ಪಲ್ಟಿಯಾಗದು ಎಂಬುದನ್ನು ಆಮೇಲೆ ಸೈಬರ್ ಕೆಫೆಯಲ್ಲಿ ಓದಿ ತಿಳಿದೆ. ಈಗ ಪ್ರತಿ ರಾಕೆಟ್ಟಿಗೂ ನಾನೇ ನಿಂಬೆಹಣ್ಣು ಕಟ್ಟುತ್ತೇನೆ. ಮೆಣಸಿನಕಾಯಿ ಎಲ್ಲಿ ಎಂದು ಅವ್ವ ಬೈಯುತ್ತಾಳೆ.